ಮಗಳಿಗೊಂದು ಪತ್ರ: ಹೊಳೆ ಏರುವ ಮೊದಲು

ನನ್ನವ್ವಾ,

"ಇಲ್ಲಿ ಮಳೆನೇ ಇಲ್ಲ ಅವ್ವಾ, ಸುಮ್ನೆ ಯಾಕೆ ಚಿಂತೆ ಮಾಡ್ತೀ" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮುಧೋಳದ ಕಡೆ ನಿನಗಿದು ಮೊದಲ ಮಳೆಗಾಲ. ಘಟಪ್ರಭೆಗೆ ಮಹಾಪೂರ ಬರಬೇಕೆಂದರೆ ನಿಮ್ಮೂರಲ್ಲಿ ಮಳೆ ಬೀಳಬೇಕಂತೇನಿಲ್ಲ. ಮಳೆ ಹೊಡೆಯುವುದು ದೂರದ ಘಟ್ಟದಲ್ಲಿ. ಘಟಪ್ರಭೆಗೆ ಕಟ್ಟಿರುವ ಹಿಡಕಲ್ ಡ್ಯಾಮ್ ತುಂಬಿದರೆ ನೀರು ಬಿಡಲೇಬೇಕು, ಅದಕ್ಕೆ ಹಿರಣ್ಯಕೇಶಿ, ಮಾರ್ಕಂಡೇಯ, ಬಳ್ಳಾರಿ ನಾಲಾ ಎಲ್ಲ ಕೂಡಿಕೊಂಡು ಗೋಕಾಕ ದಾಟಿ ನಿಮ್ಮ ಕಡೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕಕ್ಕೂ ಮುಧೋಳದ ಹಳ್ಳಿಗಳಿಗೂ ನೀರು ನುಗ್ಗಿತ್ತು, ನೆನಪಿದೆ ಅಲ್ವಾ?

ಹಾಗಾಗಿ ಹಿಡಕಲ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ದಿನಾ ಕೇಳುತ್ತಿರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 50 ಸಾವಿರ ಅಂದರೆ ಸೆಕೆಂಡಿಗೆ 14 ಲಕ್ಷ ಲೀಟರ್! ಗೋಕಾಕದ ಲೋಳಸೂರ ಸೇತುವೆ ಮುಳುಗಿತು ಅಂತ ಸುದ್ದಿ ಬಂದರೆ ಮತ್ತೆ ಯೋಚಿಸುತ್ತಾ ಕೂರಬೇಡ, ಬ್ಯಾಗ್ ಬಾಗಿಲಿಗೆ ತಂದಿಡು.

ಕಷ್ಟ ಇರುವುದು ಮನೆಯವರನ್ನು ಎಬ್ಬಿಸುವುದರಲ್ಲಿ. "ನಮ್ಮ ಕಟ್ಟೆಗೆ ಎಂದೂ ನೀರು ಬಂದಿಲ್ಲ" ಅಂತ ನಿಮ್ಮ ಮಾವನವರು ಹೇಳಬಹುದು. ಹಿರಿಯರು ಎಲ್ಲ ಕಡೆ ಹೇಳುವ ಮಾತೇ ಅದು. ಹೊಸ ಸೊಸೆ ಅಂತ ನೀನು ಬಾಯಿ ಮುಚ್ಚಿಕೊಂಡು ಇರಬೇಡ. ನಿನಗೀಗ ಐದನೇ ತಿಂಗಳು, ಅದನ್ನೇ ಮುಂದೆ ಮಾಡಿ ಅಳಿಯಂದಿರ ಕೈಲಿ ಹೇಳಿಸು. ಡಂಗುರ ಸಾರಿದ ದಿನ ಬೆಳಕಿದ್ದಾಗಲೇ ಹೊರಡಿ. ಕತ್ತಲಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ದನ, ಮುದುಕರು, ಜೋಳದ ಚೀಲ ಎಲ್ಲ ಒಟ್ಟಿಗೆ ಸಾಗಿಸುವುದು ಆಗದ ಮಾತು.

ಬ್ಯಾಗಿನಲ್ಲಿ ನಿನ್ನ ಬಸಿರಿನ ತಪಾಸಣೆ ಬರೆಯುವ ತಾಯಿ ಕಾರ್ಡ್, ಕಬ್ಬಿಣದ ಮಾತ್ರೆ, ಅತ್ತೆಯವರ ಬಿಪಿ ಗುಳಿಗೆ ಮೊದಲು ಇಡು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹೊಲದ ಉತಾರ (ಪಹಣಿ) ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫೋಟೋನೂ ತೆಗೆದಿಟ್ಟುಕೋ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕುದಿಸಿ ಆರಿಸಿದ ನೀರು, ಟಾರ್ಚ್. ಬಂಗಾರ ಮೈಮೇಲೆ ಹಾಕಿಕೊಂಡು ಹೊರಡಬೇಡ, ಜನ ಹಾಗೇ ಮಾಡುತ್ತಾರೆ. 112, ಜಿಲ್ಲಾಡಳಿತದ 1077, ಕರೆಂಟಿನವರ 1912, ಇವನ್ನು ಕಾಗದದ ಮೇಲೆ ಬರೆದಿಡು, ಮೊಬೈಲ್ ಸತ್ತರೆ ಬೇಕಾಗುತ್ತದೆ.

ಹೊರಡುವಾಗ ಮೇನ್ ಸ್ವಿಚ್ ಆರಿಸಿ, ಸಿಲಿಂಡರ್ ಬಂದ್ ಮಾಡಿ. ನೀರಲ್ಲಿ ನಿಂತು ಸ್ವಿಚ್ ಮುಟ್ಟಲೇಬಾರದು. ದನಗಳನ್ನು ಮೊದಲೇ ಎತ್ತರದ ಜಾಗಕ್ಕೆ ಸಾಗಿಸಿ, ಆಗದಿದ್ದರೆ ಕಣ್ಣಿ ಬಿಚ್ಚಿ ಬಿಡಿ, ಗೂಟಕ್ಕೆ ಕಟ್ಟಿದ ಎಮ್ಮೆ ಈಜಲಾರದು.

ಇನ್ನು ಮೋಟರ್. ಹೊಳೆ ಏರುತ್ತಿದ್ದ ಹಾಗೆ ದಂಡೆಯ ಪಂಪ್‌ಸೆಟ್ ತೆಗೆಯಲು ಗಂಡಸರು ಓಡುತ್ತಾರೆ, ಇನ್ನೊಂದು ಪೈಪು, ಇನ್ನೊಂದು ವೈರು ಅಂತ ಅಲ್ಲೇ ಸಿಕ್ಕಿಬೀಳುತ್ತಾರೆ. ತೆಗೆಯುವುದಿದ್ದರೆ ನೀರು ಬಿಡುವ ಸುದ್ದಿ ಬಂದ ದಿನವೇ ತೆಗೆಯಲಿ, ಆಮೇಲೆ ಮೋಟರ್ ಹೋದರೆ ಹೋಗಲಿ. ಸೇತುವೆ ಮೇಲೆ ಅರ್ಧ ಅಡಿ ನೀರು ಜೋರಾಗಿ ಹರಿಯುತ್ತಿದ್ದರೂ ಮನುಷ್ಯನ ಕಾಲು ಕೀಳುತ್ತದೆ. ಬೈಕಂತೂ ಬೇಡವೇ ಬೇಡ.

ನೀರು ಇಳಿದ ಮೇಲೆ ತಕ್ಷಣ ಒಳಗೆ ನುಗ್ಗಬೇಡಿ. ನಿಮ್ಮ ಹಿಂದಿನ ಕೋಣೆ ಮಣ್ಣಿನ ಗೋಡೆಯದ್ದು, ನೆನೆದ ಗೋಡೆ ಆಮೇಲೂ ಕುಸಿಯುತ್ತದೆ. ಹಾವು ಇರುತ್ತವೆ, ಕೋಲಿನಿಂದ ತಟ್ಟಿ ನೋಡಿ. ಕೆಸರು ತೆಗೆಯುವ ಮೊದಲು ಮನೆ, ಕಬ್ಬು ಎಲ್ಲದರ ಫೋಟೋ ತೆಗೆಯಿರಿ, ನಷ್ಟದ ಪಂಚನಾಮೆಗೆ ಬೇಕು. ಬೆಳೆ ವಿಮೆ ಕಟ್ಟಿದ ಬೆಳೆ ಇದ್ದರೆ 72 ಗಂಟೆಯೊಳಗೆ ತಿಳಿಸಬೇಕು.

ನೆರೆ ಬಂದವರಿಗೆ ಸರ್ಕಾರ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗಲು ಅತ್ತೆಯವರಿಗೆ ಸಂಕೋಚ ಆದರೆ ಎಲ್ಲರೂ ಬೆಳಗಾವಿಗೆ ಬನ್ನಿ, ಮೇಲಿನ ರೂಮ್ ಖಾಲಿ ಮಾಡಿಟ್ಟಿದ್ದೇನೆ. ಈ ಪತ್ರ ಅಳಿಯಂದಿರಿಗೆ ತೋರಿಸು. ಮೋಟರ್ ವಿಷಯ ಮಾತ್ರ ಎರಡು ಸಲ ಓದಲಿ.

ನಿನ್ನ ಅವ್ವ