ದಾನದ ಪುಟದಲ್ಲಿ ಟಿಪ್ ಸೊನ್ನೆಯಿಂದ ಶುರುವಾಗಲಿ

ಮಾನ್ಯರೇ,

ಚಿಕಿತ್ಸೆ, ಶಿಕ್ಷಣ ಮುಂತಾದವುಗಳಿಗೆ ಆನ್‌ಲೈನ್‌ನಲ್ಲಿ ದೇಣಿಗೆ ಸಂಗ್ರಹಿಸಿಕೊಡುವ ವೇದಿಕೆಗಳ ಪೈಕಿ ಹಲವು ಲಾಭದ ಉದ್ದೇಶದ ಕಂಪನಿಗಳಾಗಿದ್ದು, ತಮ್ಮ ಪಾಲನ್ನು ದಾನಿಗಳ ಗಮನಕ್ಕೆ ಬಾರದಂತೆ ಪಡೆಯುತ್ತಿರುವುದು ಕಳವಳಕಾರಿ. ಜಾಲತಾಣ ನಡೆಸಲು, ವಂಚಕರನ್ನು ತಡೆಯಲು ಖರ್ಚು ತಗಲುತ್ತದೆ; ಅದಕ್ಕೆ ಯಾರ ತಕರಾರೂ ಇರಲಾರದು. ಇಂತಹದೇ ವೇದಿಕೆಯಾದ ಅಮೆರಿಕದ ಗೋಫಂಡ್‌ಮಿ 2017ರಲ್ಲಿ ಅಲ್ಲಿನ ವೈಯಕ್ತಿಕ ಅಭಿಯಾನಗಳ ಮೇಲಿನ ಶೇ 5ರ ಶುಲ್ಕವನ್ನು ಕೈಬಿಟ್ಟು, ದಾನಿಗಳು ದೇಣಿಗೆಯ ಜೊತೆಗೆ ವೇದಿಕೆಗೆಂದು ಸ್ವಇಚ್ಛೆಯಿಂದ ಕೊಡುವ ‘ಟಿಪ್’ ಅನ್ನು ನೆಚ್ಚಿಕೊಂಡಿತು. ಈ ಪದ್ಧತಿ ಬೇರೆ ವೇದಿಕೆಗಳಲ್ಲೂ ಇದೆ.

ಆದರೆ ಅದು ನಿಜಕ್ಕೂ ಸ್ವಇಚ್ಛೆಯೇ? ಈಚೆಗೆ ಮಗುವೊಂದರ ಶಸ್ತ್ರಚಿಕಿತ್ಸೆಗೆ ಹಣ ಕಳುಹಿಸಲು ಹೋದಾಗ, ನಾನು ಕೇಳದಿದ್ದರೂ ಟಿಪ್ ಸೇರಿಸಿಯೇ ಒಟ್ಟು ಮೊತ್ತ ತೋರಿಸಲಾಗಿತ್ತು. ಅದನ್ನು ತೆಗೆಯುವ ಆಯ್ಕೆ ಪಟ್ಟಿಯ ತೀರಾ ಕೊನೆಯಲ್ಲಿ, ‘ಇತರೆ’ ಎಂಬುದರೊಳಗೆ ಅಡಗಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲಿನ ಮಗುವಿನ ಚಿತ್ರ ಕಣ್ಣೆದುರಿಗಿರುವಾಗ ಇಂತಹ ಲೆಕ್ಕವನ್ನು ಯಾರು ತಾನೇ ಪರಿಶೀಲಿಸುತ್ತಾರೆ? ಆ ಕರುಳು ಮಿಡಿಯುವ ಗಳಿಗೆಯನ್ನೇ ಆದಾಯವಾಗಿಸಿಕೊಳ್ಳುವುದು ಅನ್ಯಾಯ.

ಟಿಪ್ ಮೊತ್ತ ಮೊದಲಿಗೆ ಸೊನ್ನೆಯೇ ಇರಬೇಕು. ಫಲಾನುಭವಿಗೆ ಎಷ್ಟು, ಪಾವತಿ ಶುಲ್ಕಕ್ಕೆ ಎಷ್ಟು, ಕಂಪನಿಗೆ ಎಷ್ಟು ಎಂಬ ವಿವರ ಹಣ ಪಾವತಿಸುವ ಮುನ್ನ ಅದೇ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವುದನ್ನು ಸರ್ಕಾರಗಳು ಕಡ್ಡಾಯಗೊಳಿಸಲಿ.