ಬಿಸಿಯೂಟದ ಒಪ್ಪಂದದಲ್ಲಿ ಇರಬೇಕಾದ ಒಂದು ಷರತ್ತು

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಮ್ಮೂರ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಎರಡು ಅವಧಿ ಇದ್ದವಳು ನಾನು. ನಮ್ಮಲ್ಲಿಗೆ ಬಿಸಿಯೂಟ ವ್ಯಾನಿನಲ್ಲಿ ಬರುತ್ತದೆ, ಒಂದು ಧಾರ್ಮಿಕ ಸಂಸ್ಥೆಯ ದೊಡ್ಡ ಅಡುಗೆಮನೆಯಿಂದ. ಊಟ ಶುಚಿಯಾಗಿರುತ್ತದೆ, ಹೊತ್ತಿಗೆ ಸರಿಯಾಗಿ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಅವರ ಆಚಾರಕ್ಕೆ ಆಗದು. ಮೊಟ್ಟೆಯ ದಿನ ನಮ್ಮ ಟೀಚರೊಬ್ಬರು ಪಾಠ ಬಿಟ್ಟು ಶಾಲೆಯ ಹಿಂದೆ ಒಲೆ ಹಚ್ಚುತ್ತಾರೆ. ಸಾಂಬಾರಿನ ಡಬ್ಬಿಯ ಮುಚ್ಚಳ ತೆಗೆದಾಗ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು, "ಮನೇಲಿ ಮಾಡಿದ ವಾಸ್ನೆ ಬರಲ್ಲ ಮಿಸ್" ಅಂದಿದ್ದಳು.

2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರುಮಾಡಿದ ಇಸ್ಕಾನ್ ನಂಟಿನ ಅಕ್ಷಯಪಾತ್ರೆ ಪ್ರತಿಷ್ಠಾನ, ಅಡುಗೆಗೆ ಈರುಳ್ಳಿ-ಬೆಳ್ಳುಳ್ಳಿ ಹಾಕಬೇಕೆಂಬ ವಿಚಾರದಲ್ಲಿ 2018ರಲ್ಲಿ ಸರ್ಕಾರದ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಆಗ ಪೌಷ್ಟಿಕಾಂಶದ ಬಗ್ಗೆ ಬಹಳ ಚರ್ಚೆ ನಡೆಯಿತು. ನನ್ನ ಪ್ರಶ್ನೆ ಬೇರೆ. ಸಾರ್ವಜನಿಕ ಹಣದ ಊಟದಲ್ಲಿ ಯಾರ ಧರ್ಮ ನಡೆಯಬೇಕು, ಬಡಿಸುವವರದೋ ಉಣ್ಣುವ ಮಗುವಿನದೋ? ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯನ್ನು ನಿಮ್ಮ ಇಲಾಖೆಯೇ ಮಾಡಿದೆ. ಮಗುವಿನ ನಂಬಿಕೆಗೆ ಅಲ್ಲಿ ಜಾಗ ಸಿಕ್ಕಿದೆ. ಗುತ್ತಿಗೆದಾರರ ನಂಬಿಕೆ ಎಲ್ಲ ತಟ್ಟೆಗಳಿಗೂ ಅನ್ವಯಿಸುವುದು ಸರಿಯಲ್ಲ.

ಸಂವಿಧಾನದ 25 ಮತ್ತು 26ನೇ ವಿಧಿಗಳು ಕೊಟ್ಟ ಧಾರ್ಮಿಕ ಸ್ವಾತಂತ್ರ್ಯದ ಹಕ್ಕನ್ನು ನಾನು ಮನಸಾರೆ ಗೌರವಿಸುತ್ತೇನೆ. ಮಠದ ಪಂಕ್ತಿಯಲ್ಲಿ, ದೇವಸ್ಥಾನದ ಪ್ರಸಾದದಲ್ಲಿ ಏನಿರಬೇಕೆಂದು ಸರ್ಕಾರ ಹೇಳಕೂಡದು. ಸಿದ್ಧಗಂಗೆಯ ದಾಸೋಹವನ್ನು ಕಂಡು ಕೈಮುಗಿದವರು ನಾವು. ಆದರೆ ಸರ್ಕಾರದ ದುಡ್ಡು ಪಡೆದು ಸರ್ಕಾರದ ಕೆಲಸ ಮಾಡುವಾಗ ಅದು ಸರ್ಕಾರದ್ದೇ ಅಡುಗೆಮನೆ.

ನನ್ನನ್ನು ಹೆಚ್ಚು ಕಾಡುವುದು ಕೆಲಸದ ವಿಷಯ. ವ್ಯಾನ್ ಬರುವ ಮುಂಚೆ ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕ ದಲಿತ ಹೆಣ್ಣುಮಗಳು. ಆ ದೊಡ್ಡ ಅಡುಗೆಮನೆಗೆ ಕೆಲಸ ಕೇಳಿಕೊಂಡು ಹೋದಾಗ, "ಮನೇಲಿ ಮಾಂಸ ಮಾಡ್ತೀರಾ?" ಎಂದು ಕೇಳಿದರಂತೆ. ಹೌದು ಅಂದಳು. ಮತ್ತೆ ಅವಳಿಗೆ ಕರೆ ಬರಲಿಲ್ಲ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ. ಅವಳು ದೂರು ಕೊಡಬೇಕೆಂದರೆ ಎಲ್ಲಿಗೆ ಹೋಗಬೇಕು? ನೇಮಕದಲ್ಲಿ ಸಮಾನತೆ ಕೊಡುವ 16ನೇ ವಿಧಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಸಂಸ್ಥೆಯನ್ನಲ್ಲ. ಖಾಸಗಿ ನೇಮಕದಲ್ಲಿ ಧರ್ಮ, ಜಾತಿಯ ತಾರತಮ್ಯ ತಡೆಯುವ ಸಮಗ್ರ ಕಾನೂನು ನಮ್ಮ ದೇಶದಲ್ಲಿ ಇನ್ನೂ ಬಂದಿಲ್ಲ. ಕೆಲಸವನ್ನು ಹೊರಗೆ ಕೊಟ್ಟ ಕೂಡಲೇ ಅವಳ ಹಕ್ಕೂ ಕೈತಪ್ಪಿತು.

ಉಳಿದಿರುವ ದಾರಿ ಒಪ್ಪಂದ. ಸ್ವಯಂಸೇವಾ ಸಂಸ್ಥೆಗಳು ಧರ್ಮ, ಜಾತಿ, ಪಂಥದ ತಾರತಮ್ಯ ಮಾಡಬಾರದು, ಯೋಜನೆಯನ್ನು ಧಾರ್ಮಿಕ ಆಚರಣೆಯ ಪ್ರಚಾರಕ್ಕೆ ಬಳಸಬಾರದು ಎಂದು ಕೇಂದ್ರದ ಬಿಸಿಯೂಟ ಮಾರ್ಗಸೂಚಿಯಲ್ಲೇ ಇದೆ. ಅದನ್ನು ಗಟ್ಟಿ ಷರತ್ತಾಗಿ ಬರೆಯಿಸಿ. ಬರೆಯುವ ರೀತಿ ಎಷ್ಟು ಮುಖ್ಯವೆಂಬುದು ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಗೊತ್ತು. ಅಲ್ಲಿ ಹೆತ್ತವರ ಜೊತೆ ಇರಲಾಗದ ಮಕ್ಕಳಿಗೆ ಸಾಕುಮನೆ ಹುಡುಕುವ ಗುತ್ತಿಗೆಯಲ್ಲಿದ್ದ ಕ್ಯಾಥೊಲಿಕ್ ಸಂಸ್ಥೆ, ಸಲಿಂಗಿ ದಂಪತಿಗಳನ್ನು ಸಾಕು ತಂದೆ-ತಾಯಿಯಾಗಿ ಒಪ್ಪುವುದಿಲ್ಲವೆಂದಿತು. ನಗರಾಡಳಿತ ಆ ಸಂಸ್ಥೆಗೆ ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿತು. 2021ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಸಂಸ್ಥೆಯ ಪರ ತೀರ್ಪು ಕೊಟ್ಟರು. ಕಾರಣ ಒಪ್ಪಂದದಲ್ಲೇ ಇತ್ತು: ತಾರತಮ್ಯ ಕೂಡದು ಎಂದವರೇ, ಅಧಿಕಾರಿ ತನ್ನ ವಿವೇಚನೆಯಿಂದ ವಿನಾಯಿತಿ ಕೊಡಬಹುದು ಎಂದೂ ಬರೆದುಕೊಂಡಿದ್ದರು. ವಿನಾಯಿತಿಯ ಬಾಗಿಲು ಇಟ್ಟುಕೊಂಡು ಧರ್ಮದ ಕಾರಣ ಹೇಳಿದವರಿಗೆ ಮಾತ್ರ ಅದನ್ನು ಮುಚ್ಚಲಾಗದು ಎಂದಿತು ನ್ಯಾಯಾಲಯ.

ನಮ್ಮ ಕಾನೂನು ಬೇರೆ, ಸಂಸ್ಥೆಗಳೂ ಬೇರೆ. ಆದರೂ ಆ ಪಾಠ ನಮಗೆ ಬೇಕು. ಮುಂದಿನ ಒಪ್ಪಂದದಲ್ಲಿ ಹೀಗಿರಲಿ: ಇಲಾಖೆ ನಿಗದಿ ಮಾಡಿದ ಊಟ, ಮೊಟ್ಟೆಯೂ ಸೇರಿ, ಗುತ್ತಿಗೆ ಪಡೆದವರದೇ ಹೊಣೆ, ಅಡುಗೆ ಸಿಬ್ಬಂದಿಯ ಜಾತಿ, ಧರ್ಮ, ಮನೆಯ ಆಹಾರ ಕೇಳುವಂತಿಲ್ಲ, ನೇಮಕದ ಪಟ್ಟಿ ಬಿಸಿಯೂಟ ನೋಡಿಕೊಳ್ಳುವ ತಾಲ್ಲೂಕಿನ ಅಕ್ಷರ ದಾಸೋಹ ಕಚೇರಿಯ ಗೋಡೆಯ ಮೇಲಿರಬೇಕು, ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ತಮ್ಮ ಆಚಾರಕ್ಕೆ ಇದು ಒಗ್ಗದು ಎನ್ನುವವರಿಗೆ ಗೌರವದಿಂದ ವಂದಿಸಿ, ಆ ಶಾಲೆಗಳ ಒಲೆಯನ್ನು ಮತ್ತೆ ಹಚ್ಚಿಸಿ. ನಮ್ಮ ಶಾಲೆಯ ಅಡುಗೆಕೋಣೆಗೆ ಈಗ ಬೀಗ ಹಾಕಿದೆ. ಪಾತ್ರೆಗಳು ಇನ್ನೂ ಒಳಗೇ ಇವೆ.

ಇಂತಿ,
ಎಸ್‌ಡಿಎಂಸಿಯ ಮಾಜಿ ಸದಸ್ಯೆ