ತಾಯಿ ಎಲ್ಲಿ ಕೂತಿದ್ದಾಳೆ?

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆ ಓದಿದೆ. ಸಂಭಾಷಣೆ ನಿನಗೆ ಒಲಿದಿದೆ. ತಾಯಿಯನ್ನು ಇನ್ನು ಯಾರು ನೋಡಿಕೊಳ್ಳಬೇಕು ಎಂದು ಅಣ್ಣತಮ್ಮಂದಿರು ವಾದಿಸುವ ದೃಶ್ಯದಲ್ಲಿ ಒಂದೊಂದು ಮಾತೂ ನಾಟುತ್ತದೆ. ಆದರೆ ಅಷ್ಟು ಹೊತ್ತೂ ಆ ತಾಯಿ ಎಲ್ಲಿದ್ದಾಳೆ? ಹುಡುಕಿದರೂ ನನಗೆ ಸಿಗಲಿಲ್ಲ. ಅಡುಗೆಮನೆಯಲ್ಲೋ, ಜಗಲಿಯಲ್ಲೋ, ಮಕ್ಕಳ ನಡುವೆಯೇ ತಲೆ ತಗ್ಗಿಸಿ ಕೂತಿದ್ದಾಳೋ? ಯಾರು ಎಲ್ಲಿ ನಿಲ್ಲಬೇಕೆಂಬುದು ನಿರ್ದೇಶಕರಿಗೆ ಬಿಟ್ಟ ವಿಷಯ, ಬರೆಯುವವರಿಗೆ ಅದರ ಗೊಡವೆ ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಆ ದೃಶ್ಯದ ಅರ್ಥ ನಿಂತಿರುವುದೇ ಅವಳು ಕೂತ ಜಾಗದ ಮೇಲೆ.

ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಅವರ 1941ರ ‘ಸಿಟಿಜನ್ ಕೇನ್’ ಚಿತ್ರವನ್ನು ಇನ್ನೊಮ್ಮೆ ನೋಡು. ಅತಿಯಾಗಿ ಹೊಗಳಿಸಿಕೊಂಡಿದ್ದರಿಂದಲೇ ಅದನ್ನು ಸಾವಧಾನದಿಂದ ನೋಡುವವರು ಕಡಿಮೆಯಾಗಿದ್ದಾರೆ. ಇಡೀ ಚಿತ್ರ ಬೇಡ, ಕಥಾನಾಯಕ ಕೇನ್‌ನ ಬಾಲ್ಯದ ಒಂದೇ ದೃಶ್ಯ ಸಾಕು. ಕೊಲರಾಡೊದ ಹಿಮದಲ್ಲಿ ಹುಡುಗ ಒಬ್ಬನೇ ಆಡುತ್ತಿದ್ದಾನೆ. ಕ್ಯಾಮೆರಾ ಹಿಂದೆ ಸರಿದಾಗ ನಾವು ಮನೆಯೊಳಗಿಂದ, ಕಿಟಕಿಯ ಮೂಲಕ ಅವನನ್ನು ನೋಡುತ್ತಿದ್ದೇವೆಂದು ಗೊತ್ತಾಗುತ್ತದೆ. ಕಿಟಕಿಯ ಬಳಿ ನಿಂತಿದ್ದ ತಾಯಿ ಮಗನಿಗೊಂದು ಎಚ್ಚರಿಕೆಯ ಮಾತು ಹೇಳಿ, ತಿರುಗಿ ಮೇಜಿನತ್ತ ನಡೆದು ಬರುತ್ತಾಳೆ. ಅವಳಿಗೆ ದಾರಿ ಬಿಡುತ್ತ ಕ್ಯಾಮೆರಾ ಇನ್ನೂ ಹಿಂದಕ್ಕೆ ಸರಿಯುತ್ತದೆ.

ಈಗ ಚೌಕಟ್ಟಿನಲ್ಲಿ ಯಾರು ಎಲ್ಲಿದ್ದಾರೆ ನೋಡು. ನಮಗೆ ತೀರ ಹತ್ತಿರ, ಮೇಜಿನ ಬಳಿ, ತಾಯಿ ಮತ್ತು ಬ್ಯಾಂಕಿನ ಥ್ಯಾಚರ್; ಅವರ ಮುಂದೆ ಮಗನನ್ನು ಬ್ಯಾಂಕಿನ ಪಾಲನೆಗೆ ಒಪ್ಪಿಸುವ ಕಾಗದಗಳು. ಎಡಗಡೆ, ಸ್ವಲ್ಪ ಹಿಂದೆ, ಇದಕ್ಕೆ ಒಪ್ಪದ ತಂದೆ. ಇವರೆಲ್ಲರ ಆಚೆ, ಕಿಟಕಿಯ ಚೌಕದೊಳಗೆ, ಬೆರಳಷ್ಟು ಚಿಕ್ಕವನಾಗಿ ಹುಡುಗ. ದನಿಯೆತ್ತಿ ವಾದಿಸುವವನು ತಂದೆಯೇ. ಆದರೆ ಅವನು ಅಲ್ಲಿ ನಿಂತಿರುವ ರೀತಿಯಲ್ಲೇ ಅವನ ಮಾತು ನಡೆಯುವುದಿಲ್ಲವೆಂದು ನಮಗೆ ತಿಳಿದುಹೋಗುತ್ತದೆ. ಯಾರ ಬದುಕಿಗೆ ಸಹಿ ಬೀಳುತ್ತಿದೆಯೋ ಅವನಿಗೆ ಒಳಗಿನದೊಂದೂ ಕೇಳಿಸುತ್ತಿಲ್ಲ. ನಮಗೆ ಮಾತ್ರ ಅವನ ಆಟದ ಕೂಗು ಕೇಳುತ್ತಲೇ ಇದೆ. ನಡುವೆ ಹುಡುಗನ ಒಂದು ಕ್ಲೋಸ್‌ಅಪ್ ತೂರಿಸಿದ್ದರೆ ‘ಪಾಪ’ ಎನಿಸಿ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಒಂದೇ ಶಾಟ್‌ನಲ್ಲಿ, ಎಲ್ಲವೂ ಸ್ಪಷ್ಟವಾಗಿ ಇರುವುದರಿಂದ ಸಹಿಯನ್ನು ನೋಡಲೋ ಮಗುವನ್ನು ನೋಡಲೋ ಎಂದು ನಮ್ಮ ಕಣ್ಣು ಒದ್ದಾಡುತ್ತದೆ. ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್ ಈ ಬಗೆಯ ದೃಶ್ಯಗಳನ್ನು ಮೆಚ್ಚಿದ್ದು ಇದಕ್ಕೇ: ಏನನ್ನು ನೋಡಬೇಕೆಂಬ ಆಯ್ಕೆಯನ್ನು ಅವು ಪ್ರೇಕ್ಷಕನಿಗೆ ಬಿಡುತ್ತವೆ.

ಹತ್ತಿರದ ಮುಖವೂ ದೂರದ ಹಿಮವೂ ಒಟ್ಟಿಗೆ ಫೋಕಸ್‌ನಲ್ಲಿರಲು ಛಾಯಾಗ್ರಾಹಕ ಗ್ರೆಗ್ ಟೋಲಂಡ್ ವೈಡ್ ಲೆನ್ಸ್ ಬಳಸಿ, ಅದರ ಕಿಂಡಿಯನ್ನು ಕಿರಿದಾಗಿಸಿ, ಬೆಳಕನ್ನು ಸುರಿಯಬೇಕಾಯಿತು. ಚಿತ್ರದ ಕೊನೆಯ ಹೆಸರುಪಟ್ಟಿಯಲ್ಲಿ ವೆಲ್ಸ್ ತಮ್ಮ ಹೆಸರಿನ ಜೊತೆಗೆ ಒಂದೇ ಫಲಕದಲ್ಲಿ ಟೋಲಂಡ್ ಹೆಸರನ್ನೂ ಹಾಕಿದರು. ನನಗೆ ಅದು ನ್ಯಾಯವಾಗಿ ಕಂಡಿದೆ.

ಆ ಲೆನ್ಸಿನ ಚಿಂತೆ ನಿನಗೆ ಬೇಡ. ನಿನಗೆ ಬೇಕಾದದ್ದು ಅದೇ ದೃಶ್ಯದ ಮುಂದಿನ ಭಾಗ. ವರ್ಷಕ್ಕೆ ಐವತ್ತು ಸಾವಿರ ಡಾಲರ್ ಬರುತ್ತದೆಂದು ಕಿವಿಗೆ ಬಿದ್ದ ಮೇಲೆ ತಂದೆ ಮೆತ್ತಗಾಗಿ, ಹೋಗಿ ಕಿಟಕಿ ಮುಚ್ಚುತ್ತಾನೆ. ಹುಡುಗನ ಕೂಗು ನಿಲ್ಲುತ್ತದೆ. ತಾಯಿ ಎದ್ದು ಹೋಗಿ ಆ ಕಿಟಕಿಯನ್ನು ಮತ್ತೆ ತೆರೆದು ಮಗನನ್ನು ಕರೆಯುತ್ತಾಳೆ. ಮಗನನ್ನು ಕಳಿಸುತ್ತಿರುವವಳೇ ಕಿಟಕಿ ತೆರೆಯುತ್ತಾಳೆ, ಬೇಡವೆಂದವನೇ ಮುಚ್ಚುತ್ತಾನೆ! ಇಬ್ಬರ ಒಳಗೂ ಇದಕ್ಕಿಂತ ಚೆನ್ನಾಗಿ ಯಾವ ಸಂಭಾಷಣೆ ತೋರಿಸೀತು? ಇಂಥದನ್ನು ಕಾಣುವುದು ಬರೆಯುವವರ ಕೆಲಸವೂ ಹೌದು.

ಇನ್ನೊಂದು, ಇದಕ್ಕೆ ತದ್ವಿರುದ್ಧ ದಾರಿಯದು. ಜಪಾನಿನ ನಿರ್ದೇಶಕ ಯಸುಜಿರೊ ಓಜು ಅವರ 1953ರ ‘ಟೋಕಿಯೋ ಸ್ಟೋರಿ’ಯಲ್ಲಿ ಕ್ಯಾಮೆರಾ ನೆಲಕ್ಕೆ ಹತ್ತಿರ, ಹೆಚ್ಚೂಕಡಿಮೆ ಅಲುಗದೆ ಕೂತಿರುತ್ತದೆ. ಮೊದಲಿಗೆ ವೃದ್ಧ ದಂಪತಿ ಮಕ್ಕಳನ್ನು ನೋಡಲು ಹೊರಡುವ ಸಡಗರದಲ್ಲಿ, ಅಕ್ಕಪಕ್ಕ ಕೂತು ಚೀಲಕ್ಕೆ ಸಾಮಾನು ತುಂಬುತ್ತಿದ್ದಾರೆ. ನೆರೆಯ ಹೆಂಗಸು ಕಿಟಕಿಯಿಂದ ಮಾತನಾಡಿಸಿ ಹೋಗುತ್ತಾಳೆ. ಕೊನೆಯಲ್ಲಿ ಅದೇ ಕೋಣೆ, ಅದೇ ನೆರೆಯವಳು, ಮುದುಕ ಒಬ್ಬನೇ. ಪಕ್ಕದಲ್ಲಿ ಖಾಲಿ ಉಳಿದ ಜಾಗವನ್ನು ಯಾರೂ ಬೊಟ್ಟು ಮಾಡಿ ತೋರಿಸುವುದಿಲ್ಲ. ಮೊದಲು ಅಲ್ಲಿ ಒಬ್ಬಳು ಕೂತಿದ್ದಳಲ್ಲ, ಅಷ್ಟೇ ಸಾಕಾಗಿದೆ.

ಕಂಬಿಯ ಕಿಟಕಿಯ ಹಿಂದೆ ಹೆಂಗಸನ್ನು ನಿಲ್ಲಿಸಿ ಬಂಧನ ಎನ್ನುವಂಥ ಸವೆದ ಸಂಕೇತಗಳಿಗೆ ಮಾತ್ರ ಕೈಹಾಕಬೇಡ. ಕೇನ್‌ನ ಮನೆಯ ಕಿಟಕಿ ಮೊದಲು ಕಿಟಕಿ. ಚಳಿ ಬರುತ್ತದೆ, ಮುಚ್ಚಬಹುದು, ತೆರೆಯಬಹುದು. ಅರ್ಥ ಅದರ ಬಳಕೆಯಿಂದ ಹುಟ್ಟಿತು. ಶಾಟ್‌ಗಳ ಲೆಕ್ಕವನ್ನೂ ಬರೆಯಬೇಡ. ಓದುವ ನಿರ್ದೇಶಕರಿಗೆ ಕಿರಿಕಿರಿ.

ನಿನ್ನ ಕಥೆಯ ಮನೆಯ ನಕ್ಷೆಯೊಂದನ್ನು ಕಾಗದದ ಮೇಲೆ ಗೀಚಿಕೋ. ಮೂವರಿಗೆ ಮೂರು ಹುಣಸೆಬೀಜ ಇಟ್ಟು ಸರಿಸುತ್ತಾ ಹೋಗು. ತಾಯಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರೆ, ಬಾಗಿಲು ತೆರೆದಿದ್ದರೆ, ಮಕ್ಕಳು ದನಿ ತಗ್ಗಿಸಲೇಬೇಕು. ತುರಿಯುವ ಸದ್ದು ನಿಂತರೆ ಇಬ್ಬರೂ ಅತ್ತ ನೋಡುತ್ತಾರೆ. ಆಗ ನೀನು ಬರೆದಿರುವ ಅರ್ಧದಷ್ಟು ಮಾತು ತಾನಾಗಿಯೇ ಉದುರುತ್ತದೆ. ಅಥವಾ ಅವಳು ಅವರೆದುರೇ ಕೂತಿರಬಹುದು, ಅವರು ಅವಳ ತಲೆಯ ಮೇಲಿಂದಲೇ ಮಾತನಾಡಿಕೊಳ್ಳಬಹುದು. ಅದು ಬೇರೆಯೇ ಕ್ರೌರ್ಯ, ಬೇರೆಯೇ ಸಿನಿಮಾ. ಯಾವುದು ನಿನ್ನದೆಂದು ನಾನು ಹೇಳಲಾರೆ. ಆ ಒಂದು ದೃಶ್ಯವನ್ನಷ್ಟೇ ಮತ್ತೆ ಬರೆದು ಕಳಿಸು, ನಕ್ಷೆಯನ್ನೂ ಜೊತೆಗಿಡು.

ಪ್ರೀತಿಯಿಂದ,
ಅಕ್ಕ